ಹಂಪಿಯ ಹಾಲಕ್ಕಿ, ಅಮ್ಮನ ಗೂಬೆ

ಹೋದ ಡಿಸೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ ಅಮ್ಮನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿರೂಪಾಕ್ಷನ ದರ್ಶನ, ವಿಠ್ಠಲನ ಕಲ್ಲಿನ ರಥ ಎಲ್ಲ ಮುಗಿಸಿ, ಸಂಜೆ ಸೂರ್ಯಾಸ್ತ ನೋಡೋಣ ಅಂತ ಹೇಮಕೂಟ ಹತ್ತಿದೆವು. ಬಿಸಿಲು ಕುಡಿದ ಬಂಡೆ ಇನ್ನೂ ಬೆಚ್ಚಗಿತ್ತು. ಹೊತ್ತು ಮುಳುಗಿ, ಫೋಟೊ ತೆಗೆಯುವವರೆಲ್ಲ ಇಳಿಯತೊಡಗಿದಾಗ ಪಕ್ಕದ ಮಂಟಪದ ಸಂದಿಯಿಂದ ‘ಚಿರ್‌ರ್‌... ಚಿರ್‌ರ್‌’ ಅಂತ ಜಗಳ ಕಾಯುವಂಥ ಸದ್ದು. ನೋಡಿದರೆ ಎರಡು ಪುಟ್ಟ ಗೂಬೆಗಳು. ಮೈತುಂಬ ಬಿಳಿ ಚುಕ್ಕೆ, ಹಳದಿ ಕಣ್ಣು. ತಲೆ ಮೇಲೆ ಕೆಳಗೆ ಆಡಿಸುತ್ತಾ ನಮ್ಮನ್ನೇ ದುರುಗುಟ್ಟುತ್ತಿದ್ದವು.

ನನಗೆ ನಗು ಬಂತು. ಅಮ್ಮ ಮಾತ್ರ ಮುಖ ತಿರುಗಿಸಿ, "ನಡಿಯೇ ಕೆಳಗೆ. ಮುಸ್ಸಂಜೇಲಿ ಅದರ ಮುಖ ನೋಡ್ಬಾರದು" ಅಂದಳು.

ಕಾರಣ ನನಗೆ ಅರ್ಧ ಮಾತ್ರ ಗೊತ್ತಿತ್ತು. ಉಳಿದರ್ಧವನ್ನು ಅಮ್ಮ ಆವತ್ತು ಬಂಡೆ ಮೇಲೆ ಕೂತು ಹೇಳಿದಳು. ಅವಳು ಮದುವೆಯಾಗಿ ತುಮಕೂರು ಕಡೆಯ ನಮ್ಮ ಊರಿಗೆ ಬಂದು ಇನ್ನೂ ಎರಡು ತಿಂಗಳಾಗಿತ್ತಂತೆ. ಒಂದು ಬೆಳಿಗ್ಗೆ ಅಟ್ಟದ ತೊಲೆ ಮೇಲೆ ಬೆಳ್ಳಗಿನ ಗೂಬೆ ಕೂತಿತ್ತು. ಹದಿನೈದು ದಿನದಲ್ಲಿ ತಾತನಿಗೆ ಲಕ್ವ ಹೊಡೆಯಿತು. ಶಾಸ್ತ್ರ ಕೇಳಿ ಮನೆಗೆ ಮೂರು ತಿಂಗಳು ಬೀಗ ಹಾಕಿ ಎಲ್ಲರೂ ಚಿಕ್ಕತಾತನ ಮನೆ ಸೇರಿದರು. ಆಮೇಲೆ ಶುರುವಾಯಿತು, ಹೊಸ ಸೊಸೆಯ ಕಾಲ್ಗುಣದ ಮಾತು. ಆಫೀಸಲ್ಲಿ ಏನಾದರೂ ಎಡವಟ್ಟಾದರೆ ‘ನನ್ನ ಮೇಲೆ ಗೂಬೆ ಕೂರಿಸಬೇಡಿ’ ಅಂತ ನಾವು ದಿನಾ ಹೇಳ್ತೀವಿ. ಅಮ್ಮನ ಪಾಲಿಗೆ ಅದು ಬರೀ ಮಾತಾಗಿರಲಿಲ್ಲ.

ಮನೆಯೊಳಗೆ ಬರುವ ಆ ಬಿಳಿ ಗೂಬೆ ಕಣಜ ಗೂಬೆ. ಅದು ಬರುವುದು ಇಲಿಗಾಗಿ. ಅದರ ಒಂದು ಕಿವಿ ಇನ್ನೊಂದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಸದ್ದು ಎರಡು ಕಿವಿಗೂ ತಲುಪುವ ವ್ಯತ್ಯಾಸದಿಂದಲೇ ಕಗ್ಗತ್ತಲಲ್ಲೂ ಇಲಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ರೆಕ್ಕೆಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಎಳೆಗಳಿರುವುದರಿಂದ ಹಾರಿದರೆ ಸದ್ದಿಲ್ಲ. ಗೂಬೆಗಳ ಕಣ್ಣುಗುಡ್ಡೆ ನಮ್ಮ ಹಾಗೆ ಹೊರಳುವುದಿಲ್ಲ, ಅದಕ್ಕೇ ಕತ್ತನ್ನೇ ಮುಕ್ಕಾಲು ಸುತ್ತು ತಿರುಗಿಸುತ್ತವೆ. ನಮ್ಮ ಕತ್ತಿನಲ್ಲಿ 7 ಮೂಳೆ, ಅವಕ್ಕೆ 14. ನಾವು ದೆವ್ವದ ಲಕ್ಷಣ ಅಂದುಕೊಂಡಿದ್ದೆಲ್ಲ ಅದರ ಹೊಟ್ಟೆಪಾಡು.

"ಅಟ್ಟದಲ್ಲಿ ಏನಿತ್ತಮ್ಮ?" ಅಂತ ಕೇಳಿದೆ.

"ರಾಗಿ ಚೀಲ. ಮೂರು ತಿಂಗಳು ಬಿಟ್ಟು ಬೀಗ ತೆಗೆದಾಗ ಒಂದು ಚೀಲಾನೂ ನೆಟ್ಟಗಿರಲಿಲ್ಲ. ಎಲ್ಲಾ ಇಲಿ ತಿಂದಿತ್ತು" ಅಂದವಳು ಹಾಗೇ ಸುಮ್ಮನಾದಳು.

ಗೂಬೆ ಕೂತರೆ ಮನೆ ಹಾಳಾಗುತ್ತೆ ಅನ್ನುತ್ತಾರೆ. ನಮ್ಮ ಕಣ್ಣೆದುರಿಗಿದ್ದ ಊರಿಗೇ ‘ಹಾಳು ಹಂಪಿ’ ಅಂತ ಹೆಸರು. ಇದನ್ನು ಹಾಳುಮಾಡಿದ್ದು 1565ರ ಯುದ್ಧ, ಅಂದರೆ ಮನುಷ್ಯರು. ಜನ ಬಿಟ್ಟುಹೋದ ಕಲ್ಲಿನ ಸಂದಿಗಳು ಗೂಬೆಗೆ ಗೂಡಾದವು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ನಾವು ತಿರುವುಮುರುವು ಮಾಡಿಕೊಂಡಿದ್ದೇವೆ. ಇದರ ಬೆಲೆ ತೆರುವುದು ಸೊಸೆಯಂದಿರು ಮಾತ್ರ ಅಲ್ಲ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಮಾಟ-ಮಂತ್ರಕ್ಕೆ ಗೂಬೆ ಹಿಡಿಯುವವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

"ಇವು ಯಾವ ಗೂಬೆ ಗೊತ್ತಾ? ಹಾಲಕ್ಕಿ" ಅಂದೆ.

ಅಮ್ಮ ತಟ್ಟನೆ ತಿರುಗಿದಳು. "ಬುಡುಬುಡಿಕೆಯವರು ಹೇಳೋ ಹಾಲಕ್ಕಿನಾ? ಅದು ಶುಭದ ಹಕ್ಕಿ ಕಣೇ! ಗೂಬೆ ಹೆಂಗಾಗುತ್ತೆ?"

ಅವಳ ತವರಲ್ಲಿ ನಸುಕಿಗೇ ಬುಡುಬುಡಿಕೆಯವರು ಬರುತ್ತಿದ್ದರಂತೆ. ಮಸಣದಲ್ಲಿ ಹಾಲಕ್ಕಿಯ ನುಡಿ ಕೇಳಿ ಬಂದವರು ಅನ್ನುವ ನಂಬಿಕೆ. ಮೊರದಲ್ಲಿ ರಾಗಿ ತಂದು ಅವರ ಜೋಳಿಗೆಗೆ ಹಾಕುತ್ತಿದ್ದದ್ದು ಅಮ್ಮನೇ. ಅದೇ ಹಕ್ಕಿಯನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ.

ಮಾರನೆಯ ಸಂಜೆ ಹೇಮಕೂಟ ಹತ್ತೋಣ ಅಂದಿದ್ದು ಅಮ್ಮನೇ. ಒಂದು ಹಾಲಕ್ಕಿ ಸಂದಿಯಿಂದ ಇಣುಕಿ, ಮಿಡತೆ ಹಿಡಿದು ಒಳಗೆ ಹೋಯಿತು. ಅಮ್ಮ ಅದನ್ನೇ ನೋಡುತ್ತಾ, ಯಾರಿಗೂ ಅಲ್ಲ ಅನ್ನುವ ಹಾಗೆ ಮೆಲ್ಲಗೆ ಹೇಳಿದಳು:

"ನಿಮ್ಮ ತಾತನಿಗೆ ಬಿ.ಪಿ. ಇತ್ತು. ಮಾತ್ರೆ ನಿಲ್ಲಿಸಿ ಆರು ತಿಂಗಳಾಗಿತ್ತು. ಮನೇಲಿ ಎಲ್ಲರಿಗೂ ಗೊತ್ತಿತ್ತು ಕಣೇ."