ಠಕ್ಕನ ದೇಶಾಂತರ

ಆಂಗ್ಲರು ನಮ್ಮ ದೇಶದಿಂದ ಕೊಂಡೊಯ್ದ ಪದಗಳಲ್ಲಿ ‘ಥಗ್’ ಎಂಬುದೂ ಒಂದು. ಹಿಂದಿಯ ‘ಠಗ್’, ನಮ್ಮ ‘ಠಕ್ಕ’ ಇವೆಲ್ಲದರ ಬೇರು ಸಂಸ್ಕೃತದ ‘ಸ್ಥಗ’. ಮುಚ್ಚು, ಮರೆಮಾಡು ಎಂಬರ್ಥದ ಧಾತುವಿನಿಂದ ಬಂದದ್ದು. ಮನಸ್ಸಿನಲ್ಲಿರುವುದನ್ನು ಮುಚ್ಚಿಟ್ಟು ನಡೆಯುವವನು ಠಕ್ಕ. ‘ಟೋಪಿ ಹಾಕಿದ’ ಎನ್ನುವಾಗಲೂ ನಾವು ಹೇಳುವುದು ಹೊದಿಕೆಯ ಮಾತನ್ನೇ ಅಲ್ಲವೆ! ಇಂಗ್ಲಿಷಿನಲ್ಲಾದರೋ ಥಗ್ ಎಂದರೆ ಇಂದು ಹೊಡೆದು ಬಡಿಯುವ ಪುಂಡ.

ಈ ಅರ್ಥ ಬದಲಾದ ಬಗೆ ಕುತೂಹಲಕರ. ಬ್ರಿಟಿಷರ ಬರಹಗಳ ಪ್ರಕಾರ ಠಗ್ಗರು ದಾರಿಹೋಕರ ಜೊತೆ ನಡೆದು, ಜೊತೆಯಲ್ಲೇ ಉಂಡು, ನಂಬಿಕೆ ಗಳಿಸಿದ ಬಳಿಕ ಕೊರಳಿಗೆ ಕುಣಿಕೆ ಬಿಗಿಯುತ್ತಿದ್ದರು. ಅದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬ ವಾದ ಇತಿಹಾಸಕಾರರಲ್ಲಿದೆ. 1816ರಲ್ಲಿ ಇವರನ್ನು ಕುರಿತು ಬರೆದ ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ ಕನ್ನಡದ ಹೆಸರನ್ನೂ ದಾಖಲಿಸಿದ್ದಾನೆ: ‘ತಂತಿ ಕಳ್ಳರು’. 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಬಂದು ಪದ ಇಂಗ್ಲೆಂಡಿನ ಮನೆಮಾತಾಯಿತು. ಬರೆದವನು ಮೆಡೋಸ್ ಟೇಲರ್. ಮುಂದೆ ನಮ್ಮ ಸುರಪುರದಲ್ಲಿ ಅಧಿಕಾರಿಯಾಗಿದ್ದವನೇ ಆತ. ಓದುಗರಿಗೆ ಕುಣಿಕೆಯ ಭಯ ಉಳಿಯಿತು, ಸ್ನೇಹದ ಸೋಗು ಮರೆತುಹೋಯಿತು.

ಆ ಧಾತುವಿನ ಇನ್ನೊಂದು ಕವಲು ಡಚ್ ಭಾಷೆಯಲ್ಲಿದೆ. ಸೂರಿಗೆ ‘ದಕ್’, ಕಂಬಳಿಗೆ ‘ದೇಕನ್’ ಎನ್ನುವರು, ಎರಡೂ ಮುಚ್ಚುವಂಥವೇ. ನಮ್ಮ ಟಿಲ್‌ಬರ್ಗ್ ಒಂದು ಕಾಲಕ್ಕೆ ಉಣ್ಣೆಯ ಊರು. ಇಲ್ಲಿಯ ಆಬೆ ಕಾರ್ಖಾನೆಯ ಕಂಬಳಿಗಳು ಹೆಸರಾಗಿದ್ದವು. ಆ ಕಟ್ಟಡ ಈಗ ಅಂಗಡಿಗಳ ಸಂಕೀರ್ಣ. ಚಳಿಗೆ ಹೊದಿಸುವ ಕಂಬಳಿಯೂ ನಮ್ಮ ಠಕ್ಕನೂ ದಾಯಾದಿಗಳೆಂದರೆ ಇಲ್ಲಿಯವರು ನಗುತ್ತಾರೆ.

ಇಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಓದಲು ಬಂದ ದಾವಣಗೆರೆಯ ಹುಡುಗಿಯೊಬ್ಬಳು ನಗಲಿಲ್ಲ. ಆಕೆ ಊರು ಬಿಡುವ ಮುನ್ನವೇ ಒಬ್ಬಾತ ಫೋನಿನಲ್ಲಿ ಸೊಗಸಾದ ಕನ್ನಡದಲ್ಲಿ ಮಾತನಾಡಿ, ‘ನಾನಿಲ್ಲವೇನಮ್ಮ ತಂಗಿ’ ಎಂದು ಕೊಠಡಿ ಗೊತ್ತುಮಾಡಿ, ಎರಡು ತಿಂಗಳ ಬಾಡಿಗೆ ಮುಂಗಡ ಪಡೆದನಂತೆ. ಪೆಟ್ಟಿಗೆಗಳೊಡನೆ ಬಂದು ಕರೆಗಂಟೆ ಒತ್ತಿದರೆ, ಬಾಗಿಲು ತೆರೆದ ಡಚ್ ವೃದ್ಧೆಗೆ ಆ ವಿಷಯವೇ ಗೊತ್ತಿರಲಿಲ್ಲ. ಇಂಗ್ಲಿಷಿನ ಥಗ್ ಅವನಿಗೆ ಹೊಂದದು. ಅವನು ಕೈಯೆತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ. ಠಕ್ಕ ಎಂದರೆ ಸರಿಹೋಗುತ್ತದೆ.

ಹೋದ ಹಣದ ಮಾತನ್ನು ಹುಡುಗಿ ಹೆಚ್ಚು ಆಡಲಿಲ್ಲ. ‘ಆಂಟಿ, ಪ್ರತಿ ಸಲವೂ ಊಟ ಆಯಿತೇ ಎಂದು ಕೇಳುತ್ತಿದ್ದ’ ಎಂದು ಅತ್ತಳು. ಈಗಲೂ ರೈಲಿನಲ್ಲಿ ಯಾರಾದರೂ ಕನ್ನಡ ಮಾತನಾಡುವುದು ಕೇಳಿಸಿದರೆ, ಕಿಟಕಿಯತ್ತ ಮುಖ ತಿರುಗಿಸಿ ಸುಮ್ಮನೆ ಕುಳಿತುಬಿಡುತ್ತಾಳಂತೆ.