ಗ್ಯಾರೇಜ್ ಡೈರಿ – 7: ಅಪ್ಪನ ಹೆಬ್ಬೆರಳು

ಫೋಟೋದಲ್ಲಿರೋ ಹೆಬ್ಬೆರಳು ಅಪ್ಪಂದು. ಸ್ವೈಪ್ ಮಾಡಿದ್ರೆ ಅವರ ಫೋನ್. ಗ್ರೀಸ್ ಎರಡಕ್ಕೂ ಸಮಪಾಲು.

ರಿಪೇರಿ ಮುಗಿದ್ಮೇಲೆ ಅಪ್ಪ ಬಿಲ್ಲನ್ನ ಮೆಸೇಜಲ್ಲಿ ಕಳಿಸ್ತಾರೆ. ಹೋದ ತಿಂಗಳು ಮೇಷ್ಟ್ರ ಗಾಡಿಗೆ 1350 ಅಂತ ಟೈಪ್ ಮಾಡಿದ್ರು. ಆಮೇಲೆ ಬ್ರೇಕ್ ಶೂ ಹಾಕಿದ್ದು ನೆನಪಾಗಿ 1850 ಮಾಡೋಕೆ ಹೋದ್ರು. 3ರ ಆಚೆ ಇಡಬೇಕಿದ್ದ ಕರ್ಸರ್ 1ರ ಪಕ್ಕ ಹೋಗಿ ಕೂತಿದೆ. ಅಳಿಸಿದ್ದು 1, ಒತ್ತಿದ್ದು 8. ಕನ್ನಡಕ ಬೇರೆ ಇರ್ಲಿಲ್ಲ. ಹೋಯ್ತು ಬಿಲ್ಲು, 8350!

ಮೇಷ್ಟ್ರು ನಮ್ಮ ಹಳೇ ಗಿರಾಕಿ. ಸಂಜೆ ಬಂದು, "ಏನಪ್ಪಾ, ನನ್ನ ಹತ್ರಾನೂ ಹೀಗಾ?" ಅಂದ್ರು. ಲೆಕ್ಕ ಸರಿಹೋಯ್ತು. ಆದ್ರೆ ಅವತ್ತಿಂದ ಅಪ್ಪ ಬಿಲ್ ಟೈಪ್ ಮಾಡೋದನ್ನೇ ಬಿಟ್ರು. ರಾತ್ರಿ ನಾನು ಬರೋವರೆಗೂ ಕಾಯೋರು. ನಂಗೋ ಸಿಟ್ಟು. "ಇಷ್ಟೂ ಆಗಲ್ವಾ ನಿಮ್ಗೆ?" ಅಂತ ಒಂದಿನ ಅಂದೂಬಿಟ್ಟೆ.

ನೀವೇ ನೋಡಿ. ಬೆರಳಲ್ಲಿ ಒತ್ತೋ ಬಟನ್ ಕನಿಷ್ಠ 48 ಡಿಪಿ, ಅಂದ್ರೆ ಸುಮಾರು 9 ಮಿಲಿಮೀಟರ್ ಇರಲಿ ಅಂತ ಗೂಗಲ್ ಆ್ಯಪ್ ಮಾಡೋರಿಗೆ ಹೇಳುತ್ತೆ. ಕಳಿಸೋ ಬಟನ್ ಹಾಗೇ ದಪ್ಪಗಿದೆ. ಎರಡು ಅಂಕಿ ನಡುವಿನ ಸಂದಿ? ಕೂದಲೆಳೆ. ಅಲ್ಲಿ ಬೆರಳಿಟ್ರೆ ಬೆರಳೇ ಅಡ್ಡ, ಕೆಳಗಿರೋದು ಕಾಣಲ್ಲ. ಐಫೋನಲ್ಲಿ ಇದಕ್ಕೇ ಅಂತ ಇದ್ದ ಭೂತಗನ್ನಡಿಯನ್ನ 2019ರಲ್ಲಿ ತೆಗೆದು, 2021ರಲ್ಲಿ ವಾಪಸ್ ತಂದ್ರು. ದೊಡ್ಡೋರಿಗೇ ಗೊಂದಲ!

ಅಪ್ಪನ ಫೋನಲ್ಲಿರೋದು ಜೀಬೋರ್ಡ್. ಅದರ ಸ್ಪೇಸ್ ಬಾರ್ ಮೇಲೆ ಬೆರಳು ಎಡಕ್ಕೋ ಬಲಕ್ಕೋ ಜಾರಿಸಿದ್ರೆ ಕರ್ಸರ್ ಒಂದೊಂದೇ ಹೆಜ್ಜೆ ಸರಿಯುತ್ತೆ. (ಐಫೋನಲ್ಲಿ ಒತ್ತಿ ಹಿಡಿದು ಜಾರಿಸ್ಬೇಕು.) ಆದ್ರೆ ಆ ಬಾರ್ ನೋಡಿದ್ರೆ ಹಾಗೆ ಅನ್ಸುತ್ತಾ? ಒಂದು ಬಾಣದ ಗುರುತಾದ್ರೂ ಬೇಡ್ವಾ? ನಂಗೂ ಗೊತ್ತಾಗಿದ್ದು ಬೆರಳು ಜಾರಿ. ತೋರಿಸ್ದಾಗ ಅಪ್ಪ, "ಓ, ಕ್ಲಚ್ ಬಿಟ್ಟಂಗೆ, ನಿಧಾನಕ್ಕೆ" ಅಂದ್ರು. ಹತ್ತು ನಿಮಿಷ ಅದನ್ನೇ ಆಡಿಸ್ತಾ ಕೂತ್ರು.

ಅಂಕಿ ಸರಿಹೋಯ್ತು, ಒತ್ತಕ್ಷರ ಇನ್ನೂ ಇಲ್ಲ. "ಷ್ಟ್ರು" ನಮ್ಮ ಕಣ್ಣಿಗೆ ಒಂದಕ್ಷರ, ಫೋನಿಗೆ ಆರು ತುಂಡು. ಷ ಬದಲು ಶ ಬಿತ್ತು ಅನ್ಕೊಳ್ಳಿ, ಕರ್ಸರ್ ಒಳಗೆ ಹೋಗಲ್ಲ. ಹಿಂದಿನಿಂದ ಆರು ಸಲ ಅಳಿಸ್ಕೊಂಡೇ ಬರ್ಬೇಕು.

ನಿನ್ನೆ ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿದ್ದಾಗ ಅಪ್ಪನ ಮೆಸೇಜ್: "ಮೇಶ್ಟ್ರು ಗಾಡಿ 640. ಸರಿನಾ ನೋಡು." ನಾನು ನೋಡೋಷ್ಟರಲ್ಲಿ ಮೇಷ್ಟ್ರಿಗೂ ಕಳಿಸಾಗಿತ್ತು. 640 ಸರಿ ಇತ್ತು.