ಮಂಜು ಬಿದ್ದ ಫೋಟೋ

ಕಣ್ಣಿನ ಹಿಂಭಾಗದ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ತೆಗೆದದ್ದನ್ನು ಕೆಲಸ ಮುಗಿದ ಮೇಲೂ ನೋಡುತ್ತ ಕೂರುವುದು ನನ್ನ ಚಟ. ಕುಮಟಾದಿಂದ ಹೊನ್ನಾವರಕ್ಕೆ, ಅಲ್ಲಿಂದ ಶರಾವತಿ ಸೇತುವೆ ದಾಟಿ ಭಟ್ಕಳಕ್ಕೆ ಕ್ಯಾಮೆರಾ ಹೊತ್ತು ತಿರುಗುವವನಿಗೆ ಹೆಚ್ಚಾಗಿ ಸಿಗುವುದು ಸಕ್ಕರೆ ಕಾಯಿಲೆಯ ಕಣ್ಣುಗಳು. ಅವು ನನಗೆ ಬಾಯಿಪಾಠ. ರುಚಿ ಇರುವುದು ಯುವಿಯೈಟಿಸ್‌ನಲ್ಲಿ, ಅಂದರೆ ಕಣ್ಣೊಳಗಿನ ಉರಿಯೂತದಲ್ಲಿ. ರೋಗಿಯ ಎದುರು ಹೀಗೆ ಹೇಳಬಾರದು, ಗೊತ್ತು.

ಈ ಕಣ್ಣುಗಳು ಸುಲಭಕ್ಕೆ ಬಗ್ಗುವುದಿಲ್ಲ. ಉರಿಯೂತ ಹಳೆಯದಾದರೆ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಂಡಿರುತ್ತದೆ. ಹನಿ ಬಿಟ್ಟು ಕಾದರೂ ಗುಂಡಗೆ ಅರಳದೆ ಅಂಕುಡೊಂಕಾಗಿ ಒಂದಿಷ್ಟೇ ತೆರೆಯುತ್ತದೆ. ಆ ಕಿಂಡಿಯಲ್ಲೇ ಬೆಳಕು ಬಿಡಬೇಕು, ಮರಳಿ ಬಂದದ್ದನ್ನು ಹಿಡಿಯಬೇಕು. "ಗದ್ದ ಇಲ್ಲಿಡಿ, ಹಣೆ ಒತ್ತಿ, ಹಸಿರು ಚುಕ್ಕಿ ನೋಡಿ, ಈಗ ಒಮ್ಮೆ ಕಣ್ಣು ಪಿಳುಕಿಸಿ." ಪಿಳುಕಿಸಿದ ಮರುಕ್ಷಣ ಕಣ್ಣೀರಿನ ಪದರ ಸಮನಾಗಿ ಹರಡಿರುತ್ತದೆ, ಗುಂಡಿ ಒತ್ತಬೇಕಾದ್ದು ಆಗಲೇ.

ಬಂದ ಚಿತ್ರದಲ್ಲಿ ಮಂಜು. ಕಣ್ಣು ತುಂಬಿದ ತಿಳಿ ಲೋಳೆಯಲ್ಲಿ ಬಿಳಿ ರಕ್ತಕಣ, ಪ್ರೋಟೀನು ಸೇರಿ ಎಲ್ಲ ಕದಡಿರುತ್ತದೆ. "ಕಣ್ಣೊಳಗೆ ಸೊಳ್ಳೆ ಹಾರ್ದಂಗಾಗ್ತದೆ" ಎಂದು ರೋಗಿಗಳು ಹೇಳುವುದು ಇದನ್ನೇ. ಮದುವೆ ಫೋಟೋದವನಾದರೆ ಇದನ್ನು ಅಳಿಸಿಹಾಕುತ್ತಾನೆ. ನಾನು ಜೋಪಾನ ಮಾಡುತ್ತೇನೆ, ಏಕೆಂದರೆ ಇಲ್ಲಿ ಮಂಜೇ ಕಾಯಿಲೆ. ಅಮೆರಿಕದ ರಾಬರ್ಟ್ ನುಸೆನ್‌ಬ್ಲಾಟ್ ಮತ್ತು ಸಂಗಡಿಗರು 1985ರಲ್ಲಿ ಅದನ್ನು ಅಳೆಯಲು ರೂಪಿಸಿದ ಮಾಪಕವೂ ಫೋಟೋಗಳ ಒಂದು ಸಾಲೇ. ಸೊನ್ನೆಯಲ್ಲಿ ನರದ ತಟ್ಟೆ, ರಕ್ತನಾಳ ಎಲ್ಲ ನಿಚ್ಚಳ; ನಾಲ್ಕಕ್ಕೆ ಬಂದರೆ ತಟ್ಟೆಯೇ ಮಾಯ.

ಆದರೆ ಕ್ಯಾಮೆರಾ ತುಸು ಹಿಂದುಮುಂದಾದರೂ ಮಂಜು ಬರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬೇರೆ ಹಿಡಿಯುತ್ತದೆ. ರೋಗಿಯ ಮಂಜು ಯಾವುದು, ನನ್ನದು ಯಾವುದು ಎಂದು ಬಿಡಿಸುವುದರಲ್ಲೇ ಈ ಕೆಲಸದ ಮಜಾ. ಲೆನ್ಸಿನ ಕಲೆ ಯಾರ ಕಣ್ಣು ಬಂದರೂ ಅದೇ ಜಾಗದಲ್ಲಿರುತ್ತದೆ. ಕಣ್ಣೊಳಗಿನದು ದೃಷ್ಟಿ ಹೊರಳಿಸಿದರೆ ತೇಲಿ ಬೇರೆಡೆ ಹೋಗುತ್ತದೆ. ಟಾಕ್ಸೋಪ್ಲಾಸ್ಮಾ ಸೋಂಕಿನ ಬಿಳಿ ಗಾಯ ಈ ಮಸುಕಿನಾಚೆ ಹೊಳೆಯುವುದನ್ನು ವೈದ್ಯ ಪುಸ್ತಕಗಳು ಮಂಜಿನ ಹೆಡ್‌ಲೈಟ್ ಎನ್ನುತ್ತವೆ. ಜುಲೈಯಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಕಾರಣ ಹುಡುಕುವುದು ಡಾಕ್ಟರ ಕೆಲಸ. ಆದರೂ ಗಜನಿ ಗದ್ದೆಯ ಕೆಸರಲ್ಲಿ ದುಡಿಯುವವರು ಬಂದರೆ ನನ್ನ ತಲೆಯಲ್ಲಿ ಇಲಿಜ್ವರ ಸುಳಿಯುತ್ತದೆ. 1993ರ ನೆರೆಯ ಬೆನ್ನಿಗೆ ಮದುರೆಯ ಅರವಿಂದ ಆಸ್ಪತ್ರೆಗೆ ಇಲಿಜ್ವರದಿಂದ ಯುವಿಯೈಟಿಸ್ ಆದವರು ಸಾಲುಗಟ್ಟಿದ್ದರು. 2006ರ ಚಿಕುನ್‌ಗುನ್ಯದ ನಂತರ ಬೆಂಗಳೂರಿನ ಡಾ. ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಜೊತೆಗಾರರು ಆ ಜ್ವರ ರೆಟಿನಾವನ್ನೂ ಕೆಡಿಸಬಲ್ಲದೆಂದು ದಾಖಲಿಸಿ, 2008ರಲ್ಲಿ ಪ್ರಕಟಿಸಿದರು. ಗಂಟುನೋವಿನ ಜ್ವರವೆಂದೇ ನಾವೆಲ್ಲ ತಿಳಿದದ್ದು!

ಇನ್ನೊಂದು ಸೊಗಸು ಬಣ್ಣದ ಪರೀಕ್ಷೆ. ತೋಳಿಗೆ ಚುಚ್ಚಿದ ಫ್ಲೋರೆಸಿನ್ ಹತ್ತು-ಹದಿನೈದು ಸೆಕೆಂಡಿಗೆ ರೆಟಿನಾ ಮುಟ್ಟುತ್ತದೆ. ನೀಲಿ ಬೆಳಕಿಗೆ ನಾಳಗಳು ಹಸಿರಾಗಿ ಬೆಳಗುತ್ತವೆ, ಉರಿಯೂತವಿದ್ದಲ್ಲಿ ಬಣ್ಣ ಸೋರಿ ಹರಡುತ್ತದೆ. 1961ರಲ್ಲಿ ಇದನ್ನು ತೋರಿಸಿಕೊಟ್ಟ ನೊವೊಟ್ನಿ ಮತ್ತು ಆಲ್ವಿಸ್ ಆಗಿನ್ನೂ ವೈದ್ಯ ವಿದ್ಯಾರ್ಥಿಗಳು. ಮೊದಲು ಬಳಸಿದ್ದು ಆಲ್ವಿಸ್‌ರ ಕಣ್ಣನ್ನೇ. ಅಲರ್ಜಿಯಾದರೆ ಜೀವಕ್ಕೇ ಕುತ್ತು ಬರಬಹುದಾದ್ದರಿಂದ ನಾನು ಕ್ಯಾಂಪುಗಳಲ್ಲಿ ಇದರ ಗೋಜಿಗೆ ಹೋಗುವುದಿಲ್ಲ. ಒಸಿಟಿ ಯಂತ್ರವೂ ಇದೆ, ರೆಟಿನಾದ ಊತವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತದೆ. ಉಪಯೋಗ ದೊಡ್ಡದು, ನೋಡುವ ಸುಖ ಕಡಿಮೆ.

ನನಗೆ ಸುಖ ಒಂದೇ ಕಣ್ಣಿನ ಚಿತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸುವುದರಲ್ಲಿ. ಸ್ಟೆರಾಯ್ಡ್ ಶುರುವಾದ ಮೇಲೆ ಮೊದಲು ದೊಡ್ಡ ನಾಳಗಳು ಮೇಲೇಳುತ್ತವೆ, ಆಮೇಲೆ ತಟ್ಟೆಯ ಅಂಚು, ಕೊನೆಗೆ ಕೂದಲೆಳೆ ನಾಳಗಳು. ಒಮ್ಮೆ ಭಟ್ಕಳದ ಅಜ್ಜಿಯೊಬ್ಬರಿಗೆ ಅವರದೇ ಸಾಲನ್ನು ತೋರಿಸಿದೆ. ದುಬೈಯಲ್ಲಿರುವ ಮಗನಿಗೆ ವಾಟ್ಸಾಪ್ ಮಾಡು ಅಂದರು. ಮೊದಲನೆಯದನ್ನೂ ಕಳಿಸಲೇ ಅಂದೆ.

"ಬ್ಯಾಡ ತಮ್ಮಾ, ಅದ್ ಸಮಾ ಬರ್ಲಿಲ್ಲ."